ಬಯಲುಸೀಮೆಯ ಮನೆಗೆ ಪರಿಸರಸ್ನೇಹಿ ಅಲಂಕಾರ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಹಳೇ ಪೇಟೆಯಲ್ಲಿದ್ದ ಅಜ್ಜನ ಕಾಲದ ಮನೆಯನ್ನು ನಾವು ಕೆಡವದೆ ಉಳಿಸಿಕೊಂಡೆವು. ಅಂದಿನಿಂದ ನೆಂಟರು, ಅಕ್ಕಪಕ್ಕದವರು, ಅವರ ಪರಿಚಯದವರು ಬಂದು ನೋಡುತ್ತಾರೆ, ಕೇಳುತ್ತಾರೆ. ಗೃಹಪ್ರವೇಶಕ್ಕೆ ಹೋದಲ್ಲಿ, ಮದುವೆಯ ಪಂಕ್ತಿಯಲ್ಲಿ, ಬೆಣ್ಣೆದೋಸೆಗೆ ಕಾಯುತ್ತ ಕೂತಲ್ಲಿ ಕೂಡ ಅವೇ ಪ್ರಶ್ನೆಗಳು. ನನಗೆ ಗೊತ್ತಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮಲೆನಾಡಿನ ತೇವದ ಮನೆಗೆ, ಬೆಂಗಳೂರಿನ ಹದಿನಾಲ್ಕನೇ ಮಹಡಿಗೆ ಇವು ಪೂರ್ತಿ ಒಗ್ಗಲಾರವು. ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಬೋರ್‌ವೆಲ್‌ನ ಗಡಸು ನೀರು, ಈ ಮೂರನ್ನು ಎದುರಿಗಿಟ್ಟುಕೊಂಡು ಬರೆದದ್ದು.

ಎಲ್ಲಿಂದ ಶುರು ಮಾಡಬೇಕು? ಮೊದಲು ಏನು ಕೊಳ್ಳಬೇಕು?

ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಅಟ್ಟ, ಮಂಚದ ಕೆಳಗು, ಹಿತ್ತಲ ಕೋಣೆ, ಇವನ್ನು ಒಮ್ಮೆ ಪೂರ್ತಿ ಹೊರಗೆ ತೆಗೆಯಿರಿ. ನಮ್ಮ ಮನೆಯ ಅಟ್ಟದಲ್ಲಿ ತಾಮ್ರದ ಹಂಡೆ, ಎರಡು ಹಿತ್ತಾಳೆ ಕೊಳಗ, ಕಾಲು ಮುರಿದ ಹೊನ್ನೆಯ ಬೆಂಚು, ಅಜ್ಜಿ ಹೊಲಿದ ಮೂರು ಕೌದಿ ಸಿಕ್ಕವು. ಈಗ ಪಡಸಾಲೆಯಲ್ಲಿ ಬಂದವರ ಕಣ್ಣು ಮೊದಲು ಹೋಗುವುದು ಇವುಗಳ ಮೇಲೇ. ಇನ್ನೂ ಇಪ್ಪತ್ತು ವರ್ಷ ಬಾಳುವ ಮರದ ಬೀರು ಎಸೆದು 'ಇಕೋ ಫ್ರೆಂಡ್ಲಿ' ಚೀಟಿ ಅಂಟಿಸಿದ ಹೊಸ ಬೀರು ತಂದರೆ ಪರಿಸರಕ್ಕೆ ಆಗುವುದು ನಷ್ಟವೇ. ಇದನ್ನು ಒಪ್ಪಿಕೊಂಡರೆ ಮುಂದಿನ ಉತ್ತರಗಳೆಲ್ಲ ಸುಲಭ.

ಈಗ ಯಾವ ಟ್ರೆಂಡ್ ನಡೆಯುತ್ತಿದೆ? ನಮ್ಮ ಕಡೆಗೆ ಯಾವುದು ಹೊಂದುತ್ತದೆ?

ಹೊಳೆಯುವ ಬಿಳಿ, ತಣ್ಣನೆಯ ಬೂದು ಬಣ್ಣದ ಮೋಹ ಇಳಿಯುತ್ತಿದೆ. ಮಣ್ಣಿನ ಬಣ್ಣಗಳು, ಒರಟು ಗೋಡೆ, ಕೈಮಗ್ಗದ ಬಟ್ಟೆ, ಬೆತ್ತ, ಬಿದಿರು, ಹಳೇ ಮರ ಇವನ್ನು ಜನ ಈಗ ಹುಡುಕಿಕೊಂಡು ಹೋಗುತ್ತಿದ್ದಾರೆ. ನಮಗೆ ಇದು ಹೊಸತಲ್ಲ. ಸುಣ್ಣ ಬಳಿದು ಬುಡಕ್ಕೆ ಕೆಂಪು ಮಣ್ಣಿನ ಜಾಜು ಎಳೆದ ಗೋಡೆ, ಗೋಡೆಯೊಳಗಿನ ದೀಪದ ಗೂಡು, ಮುಂದೊಂದು ಜಗಲಿ ಕಟ್ಟೆ, ಮಾಳಿಗೆಯಲ್ಲಿ ಬೆಳಕಿಂಡಿ ನಮ್ಮ ಊರುಗಳಲ್ಲಿ ತೀರ ಮೊನ್ನೆಯವರೆಗೂ ಇದ್ದವು. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಈಗಲೂ ಕಾಣಸಿಗುತ್ತವೆ.

ಎಲ್ಲ ಟ್ರೆಂಡೂ ಇಲ್ಲಿ ಒಗ್ಗುವುದಿಲ್ಲ. ಚಳಿ ದೇಶದ ಚಿತ್ರ ನೋಡಿ ಗೋಡೆ ತುಂಬ ಗಾಜು ಹಾಕಿಸಿದರೆ ಏಪ್ರಿಲ್‌ನಲ್ಲಿ ಆ ಕೋಣೆಗೆ ಕಾಲಿಡಲಾಗದು. ದಪ್ಪ ಕೂದಲಿನ ಕಾರ್ಪೆಟ್ ಆಷಾಢದ ಗಾಳಿಗೆ ಒಂದೇ ವಾರದಲ್ಲಿ ಮಣ್ಣು ಕುಡಿಯುತ್ತದೆ.

ಗೋಡೆಗೆ ಸುಣ್ಣ ಬಳಿಸಿದರೆ ಹಳೇ ಕಾಲದಂತೆ, ಬಡವರ ಮನೆಯಂತೆ ಕಾಣುವುದಿಲ್ಲವೇ?

ಇದನ್ನು ಕೇಳದವರಿಲ್ಲ. ದೊಡ್ಡ ಊರುಗಳಲ್ಲಿ 'ಲೈಮ್ ವಾಷ್' ಎಂದು ಕರೆದು ದುಬಾರಿ ಮನೆಗಳಿಗೆ ಬಳಿಸುತ್ತಿರುವುದು ಇದೇ ಸುಣ್ಣವನ್ನು. ಪ್ಲಾಸ್ಟಿಕ್ ಬಣ್ಣದ ಗೋಡೆ ಎಲ್ಲ ಕಡೆ ಒಂದೇ ಸಮ ಕಾಣುತ್ತದೆ. ಸುಣ್ಣದ ಗೋಡೆಯಲ್ಲಿ ಕುಂಚ ಓಡಿದ ಜಾಡು ಉಳಿಯುತ್ತದೆ, ಬೆಳಗಿನ ಬೆಳಕಿಗೆ ಒಂದು ಛಾಯೆ, ಸಂಜೆಗೆ ಇನ್ನೊಂದು. ಪ್ರತಿ ಯುಗಾದಿಗೆ, ದಸರೆಗೆ ಸುಣ್ಣ ಕಂಡ ಗೋಡೆಗಳು ಪದರ ಪದರವಾಗಿ ಗಟ್ಟಿಯಾಗುತ್ತಿದ್ದವು.

ಅದರ ಗುಣ ಅದರ ರಸಾಯನದಲ್ಲಿದೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿದು ಅರಳುತ್ತದೆ. ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಕ್ಷಾರ ಹೆಚ್ಚಿರುವುದರಿಂದ ಬೂಸ್ಟು ಹಿಡಿಯುವುದು ಕಷ್ಟ. ಗೋಡೆಯೊಳಗಿನ ತೇವ ಹೊರಗೆ ಹೋಗಲು ದಾರಿಯೂ ಇರುತ್ತದೆ. ಹಳೇ ಮಣ್ಣಿನ ಗೋಡೆಗೆ ಎಮಲ್ಷನ್, ಅಂದರೆ ಪ್ಲಾಸ್ಟಿಕ್ ಬಣ್ಣ, ಬಳಿದರೆ ಆ ದಾರಿ ಮುಚ್ಚುತ್ತದೆ. ಒಂದೆರಡು ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದು ಹಾಳೆ ಹಾಳೆಯಾಗಿ ಕಳಚುತ್ತದೆ. ನಮ್ಮ ಮನೆಯ ಅಡುಗೆಕೋಣೆಯಲ್ಲಿ ಹಾಗೇ ಆಗಿತ್ತು.

ಮಾಡುವ ಕ್ರಮ ಹೇಳುತ್ತೇನೆ. ಸುಣ್ಣದ ಕಲ್ಲನ್ನು ಅಗಲ ಬಾಯಿಯ ಕಬ್ಬಿಣದ ಪಾತ್ರೆಯಲ್ಲಿ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಕುದಿಯುವ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅರಳಿದ ಸುಣ್ಣವನ್ನು ಕನಿಷ್ಠ ಎರಡು ಮೂರು ದಿನ ನೀರಿನಡಿ ಬಿಡಿ, ಒಂದು ವಾರ ಬಿಟ್ಟರೆ ಇನ್ನೂ ಒಳ್ಳೆಯದು. ತೆಳು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಸ್ವಲ್ಪ ಉಪ್ಪು ಮತ್ತು ನೆನೆಸಿದ ಅಂಟು ಬೆರೆಸಿ. ಗೋಡೆಯನ್ನು ನೀರಿನಿಂದ ತೋಯಿಸಿ ಬಳಿಯಬೇಕು. ಮೊದಲ ಕೋಟು ಬಳಿದಾಗ ಏನೂ ಕಾಣದೆ ಕೆಲಸಗಾರರು ಗಾಬರಿಯಾಗಿ ಮಂದ ಮಾಡುತ್ತಾರೆ, ಬಿಡಬೇಡಿ. ಮರುದಿನ ಅದು ಬೆಳ್ಳಗಾಗುತ್ತದೆ. ತೆಳ್ಳಗೆ ಮೂರು ಕೋಟು ಹಾಕಿದರೆ ಸಾಕು. ದಪ್ಪ ಬಳಿದರೆ ಪುಡಿ ಉದುರುತ್ತದೆ.

ಬಣ್ಣ ಬೇಕಿದ್ದರೆ ಕಾವಿ, ಹಳದಿ ಮಣ್ಣು, ಕಬ್ಬಿಣದ ಆಕ್ಸೈಡಿನ ಪುಡಿಗಳು ಸುಣ್ಣದ ಕ್ಷಾರಕ್ಕೆ ತಡೆಯುತ್ತವೆ. ಹೂವು, ಅರಿಸಿನದ ಬಣ್ಣ ತಡೆಯುವುದಿಲ್ಲ. ಅರಿಸಿನ ಸುಣ್ಣಕ್ಕೆ ಬಿದ್ದರೆ ಓಕುಳಿಯಂತೆ ಕೆಂಪಾಗುತ್ತದೆ ಎಂಬುದು ಆರತಿ ತಟ್ಟೆ ಹಿಡಿದವರಿಗೆಲ್ಲ ಗೊತ್ತು.

ಸುಣ್ಣ ಬೆನ್ನಿಗೆ, ಬಟ್ಟೆಗೆ ಹತ್ತುತ್ತದಲ್ಲ?

ಅಂಟು ಸರಿಯಾಗಿ ಬೆರೆಸಿ, ತೆಳುವಾಗಿ ಬಳಿದರೆ ಬಹಳ ಕಡಿಮೆಯಾಗುತ್ತದೆ. ಜನ ಒರಗಿ ಕೂರುವ ಎತ್ತರದವರೆಗೆ, ಅಂದರೆ ಮೂರು ಅಡಿ, ಜಾಜಿನ ಬಣ್ಣದ ಪಟ್ಟಿ ಎಳೆಸಿ. ನಮ್ಮ ಹಿರಿಯರು ಅದನ್ನು ಎಳೆದದ್ದು ಕೊಳೆ ಕಾಣದಿರಲಿ ಎಂದೇ. ಈಗ ಅದು ನೋಡಲೂ ಬಹಳ ಚೆಂದ.

ಒಂದು ಎಚ್ಚರಿಕೆ: ಈಗಾಗಲೇ ಎಮಲ್ಷನ್ ಇರುವ ಗೋಡೆಯ ಮೇಲೆ ಸುಣ್ಣ ಹಿಡಿಯುವುದಿಲ್ಲ. ಕೆರೆದು ಗಿಲಾವು ಕಾಣುವಂತೆ ಮಾಡಬೇಕು. ಕೆರೆಸದೆ ಬಳಿಸಿದ್ದರಿಂದ ನಮ್ಮ ಮಲಗುವ ಕೋಣೆಯ ಸುಣ್ಣ ಎರಡು ತಿಂಗಳಲ್ಲಿ ಚಕ್ಕೆ ಎದ್ದಿತು, ಮತ್ತೊಮ್ಮೆ ದುಡ್ಡು ತೆತ್ತೆವು.

ಎಮಲ್ಷನ್ನೇ ಬೇಕು ಎನ್ನುವವರು ಏನು ನೋಡಿ ಕೊಳ್ಳಬೇಕು?

ಡಬ್ಬಿಯ ಮೇಲೆ 'ಕಡಿಮೆ ವಿಒಸಿ' ಎಂದಿರಲಿ. ವಿಒಸಿ ಎಂದರೆ ಬೇಗ ಆವಿಯಾಗುವ ರಾಸಾಯನಿಕಗಳು. ಹೊಸ ಬಣ್ಣದ ಘಾಟು ಎಂದರೆ ಗಾಳಿಗೆ ಸೇರುತ್ತಿರುವ ಆ ರಾಸಾಯನಿಕಗಳೇ. ಮರ, ಗ್ರಿಲ್‌ಗಳಿಗೂ ಈಗ ನೀರು ಬೆರೆಸಿ ಬಳಿಯುವ ಬಣ್ಣ ಸಿಗುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಜನವರಿಯಲ್ಲಿ ತಂದ ಸೆಗಣಿ ಆಧಾರಿತ 'ಖಾದಿ ಪ್ರಾಕೃತಿಕ್ ಪೇಂಟ್' ಡಿಸ್ಟೆಂಪರ್ ಮತ್ತು ಎಮಲ್ಷನ್ ಎರಡೂ ರೂಪದಲ್ಲಿದೆ. ಸೆಗಣಿಯ ವಾಸನೆ ಇರುವುದಿಲ್ಲ, ಹೆದರಬೇಡಿ.

ಹಳೇ ಮನೆಯ ಕಿಟಕಿ, ಬಾಗಿಲಿನ ಬಣ್ಣ ಕೆರೆಯುವವರು ಇದನ್ನು ದಯವಿಟ್ಟು ಓದಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಣ್ಣೆ ಬಣ್ಣದ ಪದರಗಳಲ್ಲಿ ಸೀಸ ಇರಬಹುದು. ಒಣ ಉಪ್ಪುಕಾಗದದಿಂದ ಉಜ್ಜಿದರೆ ಆ ಪುಡಿ ಉಸಿರಿಗೆ ಹೋಗುತ್ತದೆ, ಎಳೆ ಮಕ್ಕಳ ಮಿದುಳಿಗೆ ಅದು ವಿಷ. ನೀರು ಚಿಮುಕಿಸಿ, ಒದ್ದೆ ಮಾಡಿಕೊಂಡೇ ಕೆರೆಯಿರಿ. ಗರ್ಭಿಣಿಯರು, ಮಕ್ಕಳು ಆ ದಿನಗಳಲ್ಲಿ ಮನೆಯಲ್ಲಿರುವುದು ಬೇಡ.

ಮಣ್ಣಿನ ಗಿಲಾವು ಬಾಳುತ್ತದೆಯೇ?

ಚಿತ್ರದುರ್ಗದ ಕೋಟೆ ಹತ್ತಿದವರು ಅರಮನೆಯ ಜಾಗದಲ್ಲಿ ಮಾಡಿಲ್ಲದೆ ನಿಂತಿರುವ ಎತ್ತರದ ಮಣ್ಣಿನ ಗೋಡೆಗಳನ್ನು ನೋಡಿರುತ್ತೀರಿ. ಪಾಳೆಯಗಾರರ ಕಾಲದಿಂದ ಮಳೆ, ಬಿಸಿಲು ತಿಂದು ನಿಂತಿವೆ. ಮನೆಯೊಳಗಿನ ಒಂದು ಗೋಡೆಗೆ, ನೀರು ತಾಗದ ಕಡೆ, ಧಾರಾಳವಾಗಿ ಮಾಡಿಸಬಹುದು. ಕರಿಮಣ್ಣು ಬೇಡ, ಒಣಗುವಾಗ ಬಿರಿಯುತ್ತದೆ. ಕೆಮ್ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ನಾಲ್ಕೈದು ದಿನ ಕೊಳೆಹಾಕಿ ತುಳಿದ ಮಣ್ಣು ಬೇಕು.

ನೆಲಕ್ಕೆ ಏನು ಹಾಕಿಸುವುದು? ಕೆಂಪು ಕಾವಿ ನೆಲ ಮತ್ತೆ ಬಂದಿದೆಯಂತೆ?

ಇರುವ ನೆಲವನ್ನು ಮೊದಲು ನೋಡಿ. ಎಪ್ಪತ್ತು, ಎಂಬತ್ತರ ದಶಕದ ಮನೆಯಾದರೆ ಮೊಸಾಯಿಕ್ ಇರುತ್ತದೆ. ಅದರ ಮೇಲೆ ಟೈಲ್ಸ್ ಕೂರಿಸುವ ಬದಲು ಒಮ್ಮೆ ಪಾಲಿಶ್ ಮಾಡಿಸಿ ನೋಡಿ. ನಮ್ಮ ಪರಿಚಯದ ಒಂದು ಮನೆಯಲ್ಲಿ ನಲವತ್ತು ವರ್ಷದ ಕೊಳೆ ಹೋದ ಮೇಲೆ ಹಸಿರು, ಕರಿ, ಬಿಳಿ ಚೂರುಗಳು ಮೇಲೆದ್ದು, ಮನೆಯವರಿಗೇ ಅದು ತಮ್ಮ ನೆಲವೆಂದು ನಂಬಲಾಗಲಿಲ್ಲ. ವಿಟ್ರಿಫೈಡ್ ಟೈಲ್ಸನ್ನು ಸುಮಾರು 1200 ಡಿಗ್ರಿ ಶಾಖದಲ್ಲಿ ಸುಡುತ್ತಾರೆ, ಆಮೇಲೆ ಲಾರಿಯಲ್ಲಿ ನೂರಾರು ಕಿಲೋಮೀಟರ್ ಸಾಗಿಸುತ್ತಾರೆ. ಪಾಲಿಶ್‌ಗೆ ಬೇಕಾದದ್ದು ಯಂತ್ರ, ನೀರು, ಎರಡು ದಿನದ ಕೆಲಸ ಅಷ್ಟೇ.

ಹೊಸ ನೆಲವೇ ಬೇಕಿದ್ದರೆ ಕಾವಿ ನೆಲ ನನಗೆ ಬಹಳ ಇಷ್ಟ. ಬರಿಗಾಲಿಗೆ ತಂಪು, ವರ್ಷ ಕಳೆದಂತೆ ಹೊಳಪು ಏರುತ್ತದೆ. ಆದರೆ ಅದು ಸಿಮೆಂಟಿನದೇ ನೆಲ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 7ರಿಂದ 8 ಪಾಲು ಸಿಮೆಂಟ್ ತಯಾರಿಕೆಯದ್ದು. ಹಾಗಾಗಿ 'ಪೂರ್ತಿ ನೈಸರ್ಗಿಕ' ಎಂದು ಯಾರಾದರೂ ಮಾರಿದರೆ ನಂಬಬೇಡಿ. ಅದರ ಹೆಚ್ಚುಗಾರಿಕೆ ಇರುವುದು ಬಾಳಿಕೆಯಲ್ಲಿ. ಐವತ್ತು ಅರವತ್ತು ವರ್ಷ ಕಂಡ ಕಾವಿ ನೆಲಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೈ ಬಲ್ಲ ಗಾರೆಯವರು ಸಿಗುವುದು ಕಷ್ಟ. ಒಂದು ಕೋಣೆಯ ಕೆಲಸವನ್ನು ಒಂದೇ ದಿನ ಮುಗಿಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತರಬೇಕು, ಕನಿಷ್ಠ ಒಂದು ವಾರ ನೀರು ಕಟ್ಟಿ ಕ್ಯೂರಿಂಗ್ ಮಾಡಬೇಕು. ದೊಡ್ಡ ಕೋಣೆಯಾದರೆ ನಡುವೆ ಪಟ್ಟಿ ಕೊಟ್ಟು ಭಾಗ ಮಾಡಿಸಿ, ಇಲ್ಲದಿದ್ದರೆ ಬಿರುಕು ಬರುತ್ತದೆ. ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಒರೆಸಿ.

ಕಲ್ಲು ಬೇಕೆನ್ನುವವರಿಗೆ ಶಹಾಬಾದ್, ಕಡಪ ಕಲ್ಲುಗಳಿವೆ.

ಬೇಸಿಗೆಯಲ್ಲಿ ಮನೆ ಕಾದ ಹೆಂಚಾಗುತ್ತದೆ. ಎಸಿ ಹಾಕದೆ, ನೋಡಲೂ ಚೆಂದ ಇರುವ ಉಪಾಯ ಇದೆಯೇ?

ಪಡುವಣದ ಕಿಟಕಿಗೆ ಹೊರಗಿನಿಂದ ನೆರಳು ಕೊಡಿ. ಒಳಗೆ ಎಷ್ಟು ದಪ್ಪದ ಪರದೆ ಇಳಿಬಿಟ್ಟರೂ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಹೊರಗೇ ತಡೆದರೆ ಒಳಗೆ ಬರುವ ಶಾಖ ಬಹಳ ಕಡಿಮೆ. ಮೇದಾರರ ಹತ್ತಿರ ಬಿದಿರಿನ ತಟ್ಟಿ ಹೇಳಿ ಮಾಡಿಸಿ, ಹಗ್ಗ ಹಾಕಿ ಸುತ್ತುವಂತೆ ಕಟ್ಟಿಸಿ. ಮಧ್ಯಾಹ್ನ ಅದರ ಸಂದಿಯಿಂದ ನೆಲದ ಮೇಲೆ ಬೀಳುವ ಗೀರು ಗೀರು ಬೆಳಕಿನ ಚೆಂದವೇ ಬೇರೆ.

ತಾರಸಿಗೆ ಬಿಳಿ ಸುಣ್ಣ ಬಳಿಸಿ. ಖರ್ಚು ಕಡಿಮೆ, ಒಳಗಿನ ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ. ಮಳೆಗೆ ತೊಳೆದು ಹೋಗುವುದರಿಂದ ಪ್ರತಿ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು.

ನಮ್ಮ ಬೇಸಿಗೆಯ ಗಾಳಿ ಒಣಗಾಳಿ. ಒಣಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ಶಾಖ ಎಳೆದುಕೊಳ್ಳುತ್ತದೆ. ಮಡಕೆಯ ನೀರು ಮಂಗಳೂರಿಗಿಂತ ಚಳ್ಳಕೆರೆಯಲ್ಲಿ ಹೆಚ್ಚು ತಣ್ಣಗಿರುವುದು ಇದಕ್ಕೇ. ಕಿಟಕಿಗೆ ಲಾವಂಚದ ಪರದೆ ಕಟ್ಟಿ ಸಂಜೆಗೆ ನೀರು ಚಿಮುಕಿಸಿದರೆ ತಂಪೂ ಪರಿಮಳವೂ ಒಟ್ಟಿಗೆ ಬರುತ್ತವೆ. ನೀರಿಗೆ ತತ್ವಾರ ಇರುವ ಬಡಾವಣೆಯಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರನ್ನು ಮಣ್ಣಿನ ಕುಂಡದ ಹೊರಮೈಗೆ ಹಾಕಿದರೂ ಸ್ವಲ್ಪ ತಂಪು.

ಒಳಗಿನ ಪರದೆಗೆ ಬಿಳಿ ಅಥವಾ ಕೋರಾ ಬಣ್ಣದ ಹತ್ತಿ ಬಟ್ಟೆ ಸಾಕು. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ನಮ್ಮದು. ಗಿರಣಿಯ ಸೈರನ್ ಕೇಳಿ ಬೆಳೆದ ತಲೆಮಾರು ಇನ್ನೂ ಇಲ್ಲಿದೆ. ಅಂಥ ಊರಿನ ಕಿಟಕಿಗಳಲ್ಲೆಲ್ಲ ಪಾಲಿಯೆಸ್ಟರ್ ನೇತಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಚಳ್ಳಕೆರೆ ಕಂಬಳಿಯನ್ನು ಅಲಂಕಾರಕ್ಕೆ ಬಳಸಬಹುದೇ?

ಬಳಸಬೇಕು. ನಮ್ಮ ಎರಡೂ ಜಿಲ್ಲೆಗಳಲ್ಲಿ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಕಂಡಿಲ್ಲ. ರಾಜ್ಯದಲ್ಲಿ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಅಲ್ಲಿನ ಬಯಲಿನಲ್ಲಿ ಮೇಯುವ ದಖ್ಖನಿ ಕುರಿಯ ಉಣ್ಣೆ, ಕುರುಬರ ಮನೆಯ ಹೆಂಗಸರು ನೂತ ನೂಲು, ಗುಂಡಿ ಮಗ್ಗದ ನೇಯ್ಗೆ, ಹುಣಸೆ ಬೀಜದ ಗಂಜಿ. ಅಪ್ಪಟ ಕಂಬಳಿಗೆ ಬಣ್ಣದ ಕಾರ್ಖಾನೆಯೇ ಬೇಡ. ಕರಿ, ಕಂದು ಎಲ್ಲ ಕುರಿಯ ಮೈಬಣ್ಣವೇ. ಕರಿ ಮೈಗೆ ಅಂಚಿನಲ್ಲಿ ಒಂದೆರಡು ಬಿಳಿ ಗೆರೆ ಇರುವ ಕಂಬಳಿಯನ್ನು ಸುಣ್ಣದ ಗೋಡೆಯ ಮೇಲೆ ತೂಗುಹಾಕಿ ನೋಡಿ. ಯಾವ ದುಬಾರಿ ಚಿತ್ರಪಟವೂ ಅದರ ಎದುರು ನಿಲ್ಲಲಾರದು.

ಈ ಉಣ್ಣೆ ಒರಟು, ಚುಚ್ಚುತ್ತದೆ. ಸೋಫಾದ ಮೇಲೆ ಹೊದಿಸಿದರೆ ಬರಿಗೈ, ಬರಿಗಾಲಿಗೆ ತುರಿಸಬಹುದು. ಆದ್ದರಿಂದ ಗೋಡೆ, ಬೆಂಚಿನ ಹಾಸು, ಮಂಚದ ಕಾಲ್ದೆಸೆ ಇವಕ್ಕೆ ಸರಿ. ದಪ್ಪನೆಯದಾದರೆ ನೆಲಹಾಸಾಗಿಯೂ ಒಳ್ಳೆಯದು, ಆದರೆ ಒಂದು ಮಾತು. ಕಂಬಳಿಯನ್ನು ಗದ್ದುಗೆಗೆ ಹಾಸಿ ಪೂಜಿಸುವ ಮನೆತನಗಳು ನಮ್ಮಲ್ಲಿ ಬಹಳ. ಅಂಥವರು ಮನೆಗೆ ಬರುವವರಿದ್ದರೆ ತುಳಿಯುವ ಜಾಗದಲ್ಲಿ ಹಾಸಬೇಡಿ, ಅವರ ಮನಸ್ಸು ನೋಯುತ್ತದೆ.

ತೊಳೆಯುವುದು ವರ್ಷಕ್ಕೊಮ್ಮೆ ಸಾಕು. ತಣ್ಣೀರು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು. ಉಣ್ಣೆ ತಿನ್ನುವ ಹುಳು ಬಾರದಂತೆ ತಿಂಗಳಿಗೊಮ್ಮೆ ಕೊಡವಿ ಎಳೆಬಿಸಿಲಿಗೆ ಹಾಕಿ. ಮಡಿಸಿಡುವಾಗ ನಡುವೆ ಒಣಗಿದ ಬೇವಿನ ಸೊಪ್ಪು ಇಡಿ. ಕೊಳ್ಳುವಾಗ ಅಂಚಿನ ಒಂದು ಎಳೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಕರಿ ಪುಡಿಯಾದರೆ ಉಣ್ಣೆ, ಕರಗಿ ಮಣಿಯಂತೆ ಗಟ್ಟಿಯಾದರೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಹತ್ತಿ ಬಟ್ಟೆಗೂ ಇದೇ ಪರೀಕ್ಷೆ ನಡೆಯುತ್ತದೆ, ಹತ್ತಿಗೆ ಕಾಗದ ಸುಟ್ಟ ವಾಸನೆ. ನೇಯ್ದವರ ಕೈಯಿಂದಲೇ ಕೊಳ್ಳುವ ಅವಕಾಶ ಸಿಕ್ಕರೆ ಚೌಕಾಸಿ ಮಾಡಬೇಡಿ.

ಹಳೇ ಸೀರೆಗಳಿಂದ ಏನು ಮಾಡಬಹುದು?

ಹತ್ತಿ ಸೀರೆ, ಪಂಚೆಗಳಾದರೆ ಕೌದಿ. ಪದರ ಪದರ ಜೋಡಿಸಿ ಉದ್ದಕ್ಕೂ ಎಳೆಹೊಲಿಗೆ ಹಾಕುವ ಈ ಕೆಲಸ ಬಲ್ಲ ಹೆಂಗಸರು ಇನ್ನೂ ಊರೂರಿಗೂ ಇದ್ದಾರೆ. ಮಂಚದ ಮೇಲೆ ಬೇರೆ ಅಲಂಕಾರವೇ ಬೇಡ.

ಮೊಳಕಾಲ್ಮೂರು ರೇಷ್ಮೆಯನ್ನು ಮಾತ್ರ ಹುಷಾರಾಗಿ ಕತ್ತರಿಸಿ. ಭೌಗೋಳಿಕ ಸೂಚಕ ಮಾನ್ಯತೆ ಇರುವ ನೇಯ್ಗೆ ಅದು. ಉಡಲಾಗದಷ್ಟು ಜೀರ್ಣವಾಗಿದ್ದರೆ ಸೆರಗನ್ನೋ ಅಂಚನ್ನೋ ಚೌಕಟ್ಟು ಹಾಕಿಸಿ, ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಬಿಸಿಲಿಗೆ ರೇಷ್ಮೆ ಎಳೆ ಸಾಯುತ್ತದೆ. ದಿಂಬಿನ ಕವರ್ ಮಾಡಿದರೆ ಒಂದೇ ವರ್ಷದಲ್ಲಿ ಪಿಸಿಯುತ್ತದೆ, ಆಮೇಲೆ ಅಳುವಂತಾಗುತ್ತದೆ.

ಗೋಡೆಗೆ ಪಿವಿಸಿ ಪ್ಯಾನಲ್, ಬಾಲ್ಕನಿಗೆ ಕೃತಕ ಹುಲ್ಲು ಹಾಕಿಸಬಹುದೇ?

ಬೇಡ. ಮರದಂತೆ ಕಂಡರೂ ಅದು ಪ್ಲಾಸ್ಟಿಕ್. ಹಿಂದೆ ಗೆದ್ದಲು, ತೇವ ಸೇರಿದರೆ ಗೊತ್ತೇ ಆಗುವುದಿಲ್ಲ. ಬೇಸರವಾಗಿ ಕಿತ್ತ ದಿನ ಮರುಬಳಕೆಗೆ ಗುಜರಿಯವರೂ ಒಯ್ಯುವುದು ಅಪರೂಪ, ಸುಟ್ಟರೆ ಆಮ್ಲದ ಹೊಗೆ. ಕೃತಕ ಹುಲ್ಲು ನಮ್ಮ ಬಿಸಿಲಿಗೆ ಕಾದು ಅಂಗಾಲು ಸುಡುತ್ತದೆ, ಪುಡಿಪುಡಿಯಾಗಿ ಮಳೆನೀರಿನ ಜೊತೆ ಚರಂಡಿ ಸೇರುತ್ತದೆ.

ಫಾಲ್ಸ್ ಸೀಲಿಂಗ್?

ಮೊದಲೇ ತಗ್ಗಿರುವ ಚಾವಣಿಯನ್ನು ಇನ್ನಷ್ಟು ತಗ್ಗಿಸಬೇಡಿ. ಬಿಸಿಗಾಳಿ ಮೇಲೇರಲು ಜಾಗ ಬೇಕು.

ಹಳೇ ಮನೆ ಕೆಡವಿದ ಕಡೆಯಿಂದ ಬಾಗಿಲು, ಕಂಬ ಕೊಳ್ಳುವುದು ಒಳ್ಳೆಯದೇ?

ಬಹಳ ಒಳ್ಳೆಯದು, ನೋಡಿ ಕೊಂಡರೆ. ಪೇಟೆಯ ಓಣಿಗಳಲ್ಲಿ, ರಸ್ತೆ ಅಗಲ ಮಾಡುವ ಕಡೆಗಳಲ್ಲಿ ತೇಗ, ಹೊನ್ನೆ, ಮತ್ತಿಯ ತೊಲೆಗಳು, ಕೆತ್ತನೆಯ ಬಾಗಿಲವಾಡಗಳು ಬರುತ್ತವೆ. ಅಷ್ಟು ಬಲಿತ ಮರ ಇಂದು ಹೊಸದಾಗಿ ಸಿಗುವುದು ದುರ್ಲಭ. ಒಂದು ಬಾಗಿಲು ಊಟದ ಮೇಜಾಗುತ್ತದೆ. ಕಿಟಕಿಯ ಚೌಕಟ್ಟಿಗೆ ಕನ್ನಡಿ ಕೂರಿಸಬಹುದು. ತೊಲೆಯನ್ನು ಅಡ್ಡ ಸೀಳಿ ಗೋಡೆಗೆ ನಾಗಂದಿಗೆ ಮಾಡಿಸಬಹುದು.

ನಾವು ಒಂದು ಬಾಗಿಲನ್ನು ಅಂದಕ್ಕೆ ಮರುಳಾಗಿ, ಸಂಜೆ ಮಬ್ಬಿನಲ್ಲಿ ನೋಡಿ ತಂದೆವು. ತಿಂಗಳೊಳಗೆ ಅದರ ಕೆಳಗೆ ಹಿಟ್ಟಿನಂಥ ಪುಡಿ ಬೀಳತೊಡಗಿತು. ಕೊರೆಯುವ ಹುಳು. ಅದು ಪಕ್ಕದ ಹೊಸ ಚೌಕಟ್ಟಿಗೂ ಹಬ್ಬಿತು, ಎರಡನ್ನೂ ಕಳೆದುಕೊಂಡೆವು. ಅಂದಿನಿಂದ ನಾನು ಪಾಲಿಸುವ ಕ್ರಮ ಇದು: ಹಗಲಲ್ಲೇ ನೋಡುವುದು, ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿಯುವುದು, ಟೊಳ್ಳು ಸದ್ದು ಬಂದ ಕಡೆ ಚಾಕುವಿನ ತುದಿ ಒತ್ತುವುದು, ಸೂಜಿ ತೂತುಗಳನ್ನು ಹುಡುಕುವುದು. ತಂದ ಮೇಲೆ ಮನೆಯೊಳಗೆ ಒಯ್ಯದೆ ಎರಡು ವಾರ ಬಿಸಿಲಲ್ಲಿ ಒರಗಿಸಿಡುವುದು. ಪುಡಿ ಬಿದ್ದರೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಕುಡಿಸುವುದು. ಬೀಳದಿದ್ದರೆ ಬಣ್ಣ ತೆಗೆದು ಅಗಸೆ ಎಣ್ಣೆ ತಿಕ್ಕುವುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಿ ಒಣಗಿಸಿ.

ಹೊಸ ಪೀಠೋಪಕರಣ ಮಾಡಿಸುವವರಿಗೆ ಯಾವ ಪ್ಲೈವುಡ್?

ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಇವುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಘಾಟು ಅನಿಲ ಹೊರಬರುತ್ತಿರುತ್ತದೆ. ಹೊಸ ವಾರ್ಡ್‌ರೋಬ್ ತೆರೆದಾಗ ಕಣ್ಣು ಉರಿಯುವುದು ಅದಕ್ಕೇ. ಆ ಅನಿಲ ಕಡಿಮೆ ಬಿಡುವ ಇ-1 ಅಥವಾ ಇ-0 ದರ್ಜೆ ಕೇಳಿ, ಕತ್ತರಿಸಿದ ಅಂಚುಗಳನ್ನೆಲ್ಲ ಮುಚ್ಚಿಸಿ, ಒಂದಷ್ಟು ವಾರ ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ. ಅಪ್ಪನ ಕಾಲದ ಕಬ್ಬಿಣದ ಬೀರು ಮನೆಯಲ್ಲಿದ್ದರೆ ಮಾರಬೇಡಿ. ಕಡು ಹಸಿರೋ ಸಾಸಿವೆ ಹಳದಿಯೋ ಬಳಿಸಿ. ಇನ್ನೂ ಮೂವತ್ತು ವರ್ಷ ನಿಲ್ಲುತ್ತದೆ.

ಒಳಾಂಗಣ ಗಿಡಗಳು ಗಾಳಿ ಶುದ್ಧ ಮಾಡುತ್ತವೆಯಂತೆ, ನಿಜವೇ?

1989ರ ನಾಸಾ ಅಧ್ಯಯನವನ್ನು ಎಲ್ಲರೂ ಹೇಳುತ್ತಾರೆ. ಅದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ನಡೆದ ಪ್ರಯೋಗ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ ವಿಜ್ಞಾನಿಗಳು, ಕಿಟಕಿಯ ಗಾಳಿ ಮಾಡುವಷ್ಟು ಕೆಲಸವನ್ನು ಗಿಡ ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು ಲೆಕ್ಕ ಹಾಕಿದರು. ಗಾಳಿಗೆ ಕಿಟಕಿ ತೆರೆಯಿರಿ, ಕಣ್ಣಿಗೆ ಗಿಡ ಇಡಿ.

ನಮ್ಮ ಕಡೆ ತುಂಬ ಜನ ಹೇಳುವ ದೂರು ಎಂದರೆ ಸ್ಪೈಡರ್ ಪ್ಲಾಂಟ್, ಡ್ರಸೀನಗಳ ಎಲೆತುದಿ ಕಂದಾಗಿ ಒಣಗುವುದು. ನೀರು ಕಡಿಮೆಯಾಯಿತೆಂದು ಇನ್ನಷ್ಟು ಬೋರ್‌ವೆಲ್ ನೀರು ಹಾಕುತ್ತಾರೆ, ಇನ್ನಷ್ಟು ಒಣಗುತ್ತದೆ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಈ ಗಿಡಗಳಿಗೆ ಫ್ಲೋರೈಡ್ ಆಗದು. ಮಳೆನೀರು ಹಿಡಿದಿಟ್ಟು ಹಾಕಿ. ಇಲ್ಲವಾದರೆ ಲೋಳೆಸರ, ದೊಡ್ಡಪತ್ರೆ, ಮನಿಪ್ಲಾಂಟ್ ಬೆಳೆಸಿ. ಮನಿಪ್ಲಾಂಟ್ ಎಲೆ ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ, ಅಂಬೆಗಾಲಿಡುವ ಮಗುವಿದ್ದರೆ ಎತ್ತರದಲ್ಲಿರಲಿ.

ಮಣ್ಣಿನ ಕುಂಡದ ಹೊರಗೆ ಬಿಳಿ ಉಪ್ಪು ಕಟ್ಟುವುದೂ ಗಡಸು ನೀರಿನಿಂದಲೇ. ಹುಣಸೆಹುಳಿ ನೀರಲ್ಲಿ ತಿಕ್ಕಿದರೆ ಹೋಗುತ್ತದೆ. ನನಗೆ ಆ ಬಿಳಿ ಕಲೆಯೂ ಚೆಂದವೇ ಕಾಣುತ್ತದೆ, ಬಿಟ್ಟಿದ್ದೇನೆ.

ದೀಪ, ಫ್ಯಾನ್ ಬಗ್ಗೆ ಹೇಳಿ.

ಎಲ್‌ಇಡಿ ಕೊಳ್ಳುವಾಗ 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದಿರುವುದನ್ನು ಆರಿಸಿ. ಹಣತೆಯ ಬೆಳಕಿಗೆ ಹತ್ತಿರದ ಹಳದಿ ಅದು. 6500ರ ಬಿಳಿ ಬೆಳಕಿನಲ್ಲಿ ಕಂಬಳಿ, ಕಾವಿ, ಮರ ಎಲ್ಲವೂ ಸತ್ತಂತೆ ಕಾಣುತ್ತವೆ. ಎಲ್‌ಇಡಿ ಹಳೇ ಬಲ್ಬಿನಷ್ಟು ಕಾಯದಿರುವುದರಿಂದ ಬಿದಿರಿನ ಬುಟ್ಟಿ, ಅಡಿಕೆ ಹಾಳೆಗಳನ್ನು ದೀಪದ ಮರೆಯಾಗಿ ಬಳಸಬಹುದು. ಚನ್ನಗಿರಿ, ಹೊಳಲ್ಕೆರೆ ಕಡೆಯ ತೋಟಗಳಲ್ಲಿ ಹಾಳೆ ಬಿದ್ದು ಕೊಳೆಯುತ್ತಿರುತ್ತದೆ. ನೆನೆಸಿ, ಬಗ್ಗಿಸಿ, ಒಣಗಿಸಿದರೆ ಒಳಗಿನ ದೀಪಕ್ಕೆ ಅದರ ನಾರಿನ ಗೆರೆಗಳೆಲ್ಲ ಮೂಡುತ್ತವೆ.

ಹಳೇ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಹೊಸ ಬಗೆಯ ಮೋಟಾರಿರುವ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಒಂದು ಫ್ಯಾನಿಗೆ ಸುಮಾರು 16 ಯೂನಿಟ್ ಉಳಿತಾಯ.

ಧೂಳು ವಿಪರೀತ. ಈ ಒರಟು ಗೋಡೆ, ತೆರೆದ ಶೆಲ್ಫ್ ಎಲ್ಲ ನಮಗೆ ಆಗುತ್ತದೆಯೇ?

ತೆರೆದ ಶೆಲ್ಫ್ ಬೇಡ, ದಿನಾ ಒರೆಸಲು ಯಾರಿಗೂ ಆಗುವುದಿಲ್ಲ; ಆ ಕೆಲಸ ಕೊನೆಗೆ ಮನೆಯ ಹೆಂಗಸಿನ ಮೇಲೇ ಬೀಳುತ್ತದೆ. ಜಾಲರಿ ಬಾಗಿಲಿನ ಗೋಡೆಬೀರು ಒಳ್ಳೆಯದು. ಮ್ಯಾಕ್ರಮೆ (ದಾರ ಗಂಟು ಹಾಕಿ ಹೆಣೆದ ಅಲಂಕಾರ), ಜಾಲರಿ ಕುಚ್ಚುಗಳನ್ನೂ ಕಡಿಮೆ ಮಾಡಿ. ಬಾಗಿಲಲ್ಲಿ ಒರಟಾದ ತೆಂಗಿನ ನಾರಿನ ಹಾಸು ಹಾಕಿದರೆ ಅರ್ಧ ಧೂಳು ಅಲ್ಲೇ ನಿಲ್ಲುತ್ತದೆ.

ಬಾಡಿಗೆ ಮನೆ. ಮಾಲೀಕರು ಮೊಳೆ ಹೊಡೆಯಲೂ ಬಿಡುವುದಿಲ್ಲ. ನಾವೇನು ಮಾಡಬಹುದು?

ಬಿಚ್ಚಿ ಒಯ್ಯಬಹುದಾದದ್ದನ್ನೇ ಮಾಡಿ: ಹತ್ತಿ ಪರದೆ, ಕೌದಿ, ಹಳದಿ ಬೆಳಕಿನ ನಿಲುವು ದೀಪ, ಗೋಡೆಗೆ ಒರಗಿಸಿಟ್ಟ ಹಳೇ ಏಣಿಯ ಮೇಲೆ ಇಳಿಬಿಟ್ಟ ಕಂಬಳಿ. ಫ್ಯಾನನ್ನೂ ನಿಮ್ಮದೇ ಹಾಕಿಸಿ, ಹೋಗುವಾಗ ಅವರ ಫ್ಯಾನ್ ಮತ್ತೆ ಕೂರಿಸಿ ಕೊಡಿ.

ಹಬ್ಬಕ್ಕೆ ಥರ್ಮಾಕೋಲ್ ಇಲ್ಲದೆ ಮಂಟಪ ಹೇಗೆ?

ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಿದ್ದಾರೆ. ಬಾಳೆಕಂದು, ಮಾವಿನ ತೋರಣ, ಚೆಂಡು ಹೂವು ನಮ್ಮಲ್ಲಿ ಸಿಗದ ಹಬ್ಬವಿಲ್ಲ. ಎರಡು ಮೊರ ಅಂಟಿಸಿ ಕಾವಿ ಬಳಿದು ರಂಗೋಲಿ ಎಳೆದರೆ ಗಣಪತಿಗೆ ಹಿನ್ನೆಲೆ ಸಿದ್ಧ. ಹಬ್ಬ ಮುಗಿದ ಮೇಲೆ ಅದೇ ಗೋಡೆಯ ಅಲಂಕಾರ.

ತೆಗೆದು ಹಾಕಿದ ಹಳೇ ಸಾಮಾನನ್ನು ಎಲ್ಲಿ ಹಾಕುವುದು?

ಲೋಹ, ಗಾಜು, ಮರ ಗುಜರಿಗೆ. ಉಳಿದ ಬಣ್ಣವನ್ನು ಚರಂಡಿಗೆ ಸುರಿಯಬೇಡಿ. ಮುಚ್ಚಳ ಬಿಗಿ ಮಾಡಿ, ಬಣ್ಣ ಬಳಿಸುತ್ತಿರುವ ಇನ್ನೊಬ್ಬರಿಗೆ ಕೊಡಿ. ಹಳೇ ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳಲ್ಲಿ ಪಾದರಸ ಇರುತ್ತದೆ. ಇಡಿಯಾಗಿ ಕಾಗದದಲ್ಲಿ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಬೇರೆಯಾಗಿ ಕೊಡಿ. ಕೈತಪ್ಪಿ ಒಡೆದರೆ ಕಿಟಕಿ ಬಾಗಿಲು ತೆರೆದು ಹತ್ತು ಹದಿನೈದು ನಿಮಿಷ ಹೊರಗಿರಿ. ಪೊರಕೆ ಹಿಡಿಯಬೇಡಿ, ಗಟ್ಟಿ ರಟ್ಟಿನಿಂದ ಚೂರುಗಳನ್ನು ಬಳಿದುಕೊಂಡು, ಉಳಿದ ಪುಡಿಯನ್ನು ಒದ್ದೆ ಕಾಗದದಲ್ಲಿ ಒರೆಸಿ, ಎಲ್ಲವನ್ನೂ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ.